ಹಿಟ್ಲರ್ ಓಡಿಸಿದ ವಾಸ್ತುಶಿಲ್ಪಿ, ಮೈಸೂರು ಕಲಿಸಿದ ಬಿಸಿಲಿನ ಪಾಠ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿರುವ ಅರಮನೆಗೆ ಶಿವಪ್ಪನಾಯಕನ ಹೆಸರಿದೆ. ಕಟ್ಟಿಸಿದ್ದು ಮಾತ್ರ ಅವನಲ್ಲ. ಅವನು ತೀರಿಕೊಂಡು ನೂರು ವರ್ಷ ಕಳೆದ ಮೇಲೆ, ಹೈದರಾಲಿಯ ಕಾಲದಲ್ಲಿ ಎದ್ದ ಕಟ್ಟಡ ಅದು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಹೆಸರಿನ ಜಗಳ ಹೇಗೂ ಇದ್ದದ್ದೇ, ಪಕ್ಕಕ್ಕಿರಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರೊಳಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ದಪ್ಪ ಮರದ ಕಂಬಗಳು, ಎರಡು ಅಂತಸ್ತಿನಷ್ಟು ಎತ್ತರದ ದರ್ಬಾರ್ ಹಾಲ್, ಹಾಲ್ ಕಡೆಗೆ ಬಾಗಿದಂತಿರುವ ಮೇಲಿನ ಬಾಲ್ಕನಿಗಳು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ನಾವು ಕೆಳಗೆ ನೆರಳಲ್ಲಿರುತ್ತೇವೆ. ವಿದ್ಯೆ ಅಷ್ಟೇ.

ಅಲ್ಲಿಂದ ಹೊರಟು ಅದೇ ಕೋಟೆಯ ಯಾವುದಾದರೂ ಗಲ್ಲಿಯಲ್ಲಿ, ಮೂವತ್ತು ನಲವತ್ತು ವರ್ಷದ ಹಿಂದೆ ಹೆಂಚು ಇಳಿಸಿ ತಾರಸಿ ಹಾಕಿಸಿಕೊಂಡ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ. ಫ್ಯಾನ್ ತಿರುಗ್ತಾ ಇರುತ್ತೆ, ಬರೋದು ಬಿಸಿ ಗಾಳಿ. ಹಗಲಿಡೀ ಕಾದ ಕಾಂಕ್ರೀಟು ಆಗ ತನ್ನ ಸಾಲ ತೀರಿಸುತ್ತಿರುತ್ತದೆ, ಕೆಳಗೆ ಮಲಗಿದವರ ಮೈಮೇಲೆ. ಮನೆಯವರು ಕೇಳುವ ಪ್ರಶ್ನೆ ಒಂದೇ: ಎಸಿ ಹಾಕಿಸೋಣ್ವಾ?

ಈ ಪ್ರಶ್ನೆಯನ್ನು ಬೇರೆ ಥರ ಕೇಳುವುದು ಹೇಗೆ ಅಂತ ಜಗತ್ತಿನ ಅರ್ಧದಷ್ಟು ವಾಸ್ತುಶಿಲ್ಪ ಕಾಲೇಜುಗಳಿಗೆ ಕಲಿಸಿದ ಮನುಷ್ಯನೊಬ್ಬ ನಮ್ಮ ಹಳೇ ಮೈಸೂರು ಸಂಸ್ಥಾನದ ನೌಕರನಾಗಿದ್ದ. ಭದ್ರಾವತಿಗೂ ನಕ್ಷೆ ಬರೆದವರು. ಹೆಸರು ಓಟೋ ಕೋನಿಗ್ಸ್‌ಬರ್ಗರ್. ವಾಸ್ತುಶಿಲ್ಪ ಓದುವವರಿಗೆ ಗೊತ್ತಿರುವ ಈ ಹೆಸರು ಶಿವಮೊಗ್ಗ ಭದ್ರಾವತಿ ಕಡೆ ಕೇಳಿಬರುವುದೇ ಇಲ್ಲ.

ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ. ಯಹೂದಿ ಮೂಲದ, ಓದಿದ ಮಧ್ಯಮವರ್ಗದ ಮನೆ. ಕ್ವಾಂಟಂ ಭೌತಶಾಸ್ತ್ರದ ದೊಡ್ಡ ಹೆಸರು ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಪೋಲ್ಟ್ಸಿಗ್ ಅವರ ಕೈಕೆಳಗೆ ಕಲಿತರು. ಆಗಿನ ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಅಂದರೆ ಶ್ರೀಮಂತರ ಬಂಗಲೆಯ ಅಲಂಕಾರ ಮಾತ್ರ ಆಗಿರಲಿಲ್ಲ. ಕಾರ್ಮಿಕರಿಗೆ ಬೆಳಕು, ಗಾಳಿ ಇರುವ ಮನೆಗಳನ್ನು ಸಾವಿರಗಟ್ಟಲೆ ಕಟ್ಟುವುದು ಹೇಗೆ ಅನ್ನುವುದು ಅಲ್ಲಿನ ದೊಡ್ಡ ಚರ್ಚೆ. ಈ ಹುಡುಗ ಬೆಳೆದದ್ದು ಆ ಚರ್ಚೆಯೊಳಗೆ. ಯುವ ವಾಸ್ತುಶಿಲ್ಪಿಗಳಿಗೆ ಕೊಡುತ್ತಿದ್ದ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ 1933ರಲ್ಲಿ ಕೈಗೆ ಬಂತು.

ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್‌ನಲ್ಲಿ ಬಂದ ಕಾನೂನು ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಪ್ರಶಸ್ತಿ ಇದ್ದವರಿಗೆ ವಿನಾಯಿತಿಯೇನೂ ಇರಲಿಲ್ಲ. ಪ್ರತಿಭೆ ಇದ್ದರೆ ಸಾಕು, ಯಾವ ರಾಜಕೀಯವೂ ನಮ್ಮನ್ನು ಮುಟ್ಟಲ್ಲ ಅಂತ ನಂಬುವವರು ಈ ಒಂದು ವರ್ಷವನ್ನು ನೋಡಿದರೆ ಸಾಕು.

ಈಜಿಪ್ಟಿಗೆ ಹೋದರು. ನೆಫರ್ಟೀಟಿ ರಾಣಿಯ ಪ್ರತಿಮೆ ಅಗೆದು ತೆಗೆದ ಲುಡ್ವಿಗ್ ಬೋರ್ಖಾರ್ಟ್ ಅವರ ಜೊತೆ ಕೈರೋದಲ್ಲಿ ಪುರಾತತ್ವದ ಕೆಲಸ. ಅಲ್ಲಿ ಮಾಡಿದ ಡಾಕ್ಟರೇಟ್ ವಿಷಯ ಕೇಳಿದರೆ ನಗು ಬರಬಹುದು: ಪ್ರಾಚೀನ ಈಜಿಪ್ಟಿನ ಬಾಗಿಲನ್ನು ಹೇಗೆ ಮಾಡುತ್ತಿದ್ದರು. ಇಡೀ ಪಿರಮಿಡ್ ಬಿಟ್ಟು ಬಾಗಿಲು! ಆದರೆ ಮುಂದಿನ ಅರವತ್ತು ವರ್ಷದ ಅವರ ಕೆಲಸ ನೋಡಿದವರಿಗೆ ಇದು ಸರಿಯಾಗೇ ಕಾಣುತ್ತೆ. ಬಿಸಿಲ ನಾಡಿನಲ್ಲಿ ಮನೆ ಅಂದರೆ ಗೋಡೆಯ ಚಂದ ಅಲ್ಲ. ಗಾಳಿ ಎಲ್ಲಿಂದ ಒಳಗೆ ಬರುತ್ತೆ, ಬಿಸಿಲನ್ನು ಎಲ್ಲಿ ತಡೀತೀವಿ ಅನ್ನುವ ಲೆಕ್ಕ.

ಮೈಸೂರಿಗೆ ಬಂದದ್ದು ಬಾರ್ನ್ ಮಾವನ ದಾರಿ ಹಿಡಿದು. ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಕರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಪರಿಚಯ ಆಗಿದ್ದು ಆಗ. 1939ರಲ್ಲಿ ಸೋದರಳಿಯ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಿಳಿದರು. ವಯಸ್ಸು ಮೂವತ್ತು.

ಮಿರ್ಜಾ ಸಾಹೇಬರಿಗೆ ಗುಮ್ಮಟ, ಛತ್ರಿ, ಕಮಾನು, ಉದ್ಯಾನ ಇಷ್ಟ. ಹೊಸ ವಾಸ್ತುಶಿಲ್ಪಿಗೆ ಸರಳ ಗೆರೆ, ಉದ್ದದ ಸಜ್ಜಾ, ಖಾಲಿ ಗೋಡೆ ಇಷ್ಟ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ನೋಡಿದರೆ ಇಬ್ಬರ ನಡುವಿನ ರಾಜಿ ಕಾಣುತ್ತೆ. ಮಿರ್ಜಾ 1941ರಲ್ಲಿ ದಿವಾನಗಿರಿ ಬಿಟ್ಟರು. ಯುದ್ಧದ ಕಾಲ, ಉಕ್ಕು ಸಿಮೆಂಟು ಎರಡಕ್ಕೂ ಬರ. ಕೈಗೆ ಸಿಕ್ಕ ಇಟ್ಟಿಗೆ, ಕಲ್ಲು, ಹೆಂಚಿನಲ್ಲಿ ಕೆಲಸ ಮಾಡಲೇಬೇಕಿತ್ತು. ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗ, ಮೆಟಲರ್ಜಿ ವಿಭಾಗ, ಊಟದ ಹಾಲ್ ಮತ್ತು ಸಭಾಂಗಣ ಎಲ್ಲ ಆ ವರ್ಷಗಳ ಕೆಲಸ. ಅಲ್ಲಿ ಅಲಂಕಾರ ಕಡಿಮೆಯಾಗಿ ನೆರಳು ಜಾಸ್ತಿಯಾಯಿತು.

ಭದ್ರಾವತಿಯ ವಿಷಯಕ್ಕೆ ಬರೋಣ. ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿ ಅಧ್ಯಕ್ಷರಾದರು. ಮಲೆನಾಡಿನ ಮರ ಸುಟ್ಟ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು. 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಬಂದವು. ಹಳ್ಳಿ ಅನ್ನುವಂತಿದ್ದ ಬೆಂಕಿಪುರ ಕಾರ್ಖಾನೆ ಊರಾಯಿತು. ಈ ಊರು ಮುಂದೆ ಹೇಗೆ ಬೆಳೆಯಬೇಕು ಅಂತ 1940ರ ದಶಕದಲ್ಲಿ ಕೋನಿಗ್ಸ್‌ಬರ್ಗರ್ ಯೋಜನೆ ಬರೆದರು. ಅದೇ ಹೊತ್ತಿಗೆ ಟಾಟಾದವರ ಜಮ್ಶೆಡ್‌ಪುರಕ್ಕೂ ಬರೆದುಕೊಟ್ಟರು. ಎರಡೂ ಉಕ್ಕಿನ ಊರುಗಳು. ಎಂಟು ಗಂಟೆ ಕುಲುಮೆಯ ಮುಂದೆ ನಿಂತು ಬಂದವನಿಗೆ ಮನೆಯಲ್ಲೂ ಕುಲುಮೆಯೇ ಕಾದಿದ್ದರೆ ಅವನು ನಿದ್ದೆ ಮಾಡುವುದು ಯಾವಾಗ? ರಾತ್ರಿ ಪಾಳಿ ಮುಗಿಸಿ ಬಂದವನು ಮಲಗೋದೇ ಹಗಲಲ್ಲಿ, ಸೂರೇ ಕಾಯುವ ಹೊತ್ತಲ್ಲಿ. ಕಾರ್ಮಿಕರ ಮನೆಯ ತಂಪು ಅನ್ನುವುದು ಸೌಕರ್ಯದ ಮಾತಲ್ಲ, ದುಡಿಮೆಯ ಮಾತು.

ಕಾರ್ಖಾನೆ ಊರುಗಳಲ್ಲಿ ಇನ್ನೊಂದು ಸತ್ಯ ಇದೆ, ಅದನ್ನು ಯಾವ ನಕ್ಷೆಯೂ ಅಳಿಸಲಿಲ್ಲ. ಕ್ವಾರ್ಟರ್ಸ್‌ಗೆ ದರ್ಜೆ ಇರುತ್ತೆ. ಅಧಿಕಾರಿಯ ಬಂಗಲೆಗೆ ಸುತ್ತ ಮರ, ಎತ್ತರದ ಮಾಡು, ವರಾಂಡ. ಕೆಳದರ್ಜೆ ನೌಕರನಿಗೆ ಬೆನ್ನಿಗೆ ಬೆನ್ನು ಅಂಟಿದ ಸಾಲುಮನೆ. ಅಂದರೆ ಸಂಬಳಕ್ಕೆ ತಕ್ಕಂತೆ ಬಿಸಿಲು ಹಂಚಿಕೆ. ನಮ್ಮಲ್ಲಿ ಹೊರಗುತ್ತಿಗೆ ನೌಕರರಿಗೆ ಆ ಸಾಲುಮನೆಯೂ ಇರಲಿಲ್ಲ ಅನ್ನೋದು ಬೇರೆ ಮಾತು.

ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ವಿಭಜನೆ. 1948ರಲ್ಲಿ ಭುವನೇಶ್ವರದ ಹೊಸ ರಾಜಧಾನಿಗೆ ನಕ್ಷೆ ಬರೆದದ್ದು ಇವರೇ. ಅದೇ ವರ್ಷ ನೆಹರೂ ಸರ್ಕಾರ ಇವರನ್ನು ದೆಹಲಿಗೆ ಕರೆಸಿ ವಸತಿ ನಿರ್ದೇಶಕರನ್ನಾಗಿ ಮಾಡಿತು. ದೇಶದಿಂದ ಓಡಿಸಲ್ಪಟ್ಟ ಒಬ್ಬ ನಿರಾಶ್ರಿತ, ಲಕ್ಷಾಂತರ ನಿರಾಶ್ರಿತರಿಗೆ ಸೂರು ಕೊಡುವ ಕೆಲಸಕ್ಕೆ ಕುಳಿತ. ಫರೀದಾಬಾದ್, ನೀಲೋಖೇಡಿ, ರಾಜಪುರ, ಗಾಂಧಿಧಾಮ ಮುಂತಾದ ಹೊಸ ಊರುಗಳು ಎದ್ದದ್ದು ಆ ಹೊತ್ತಿನಲ್ಲಿ.

ಇಲ್ಲೇ ಅವರ ಬದುಕಿನ ದೊಡ್ಡ ಸೋಲೂ ಇರುವುದು. ಬೇಗ ಬೇಗ ಮನೆ ಬೇಕು ಅಂತ ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಶುರುವಾಯಿತು. ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ಸೈಟಿಗೆ ತಂದು ಜೋಡಿಸುವ ಯೋಜನೆ. ಹಲಗೆಗಳು ಬಿರುಕು ಬಿಟ್ಟವು, ಮನೆಗಳಿಗಿಂತ ಹೆಚ್ಚು ಸುದ್ದಿ ಹುಟ್ಟಿತು, ಸಂಸತ್ತಿನಲ್ಲಿ ಗಲಾಟೆ. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು. ಹನ್ನೆರಡು ವರ್ಷದ ನಂಟು ಹಾಗೆ ಮುಗಿಯಿತು. ದೆಹಲಿಯ ಕಾರ್ಖಾನೆ ನಿಂತದ್ದಕ್ಕೆ ಯಾರ ತಪ್ಪು ಎಷ್ಟು ಅಂತ ಈಗ ತೂಗುವುದರಲ್ಲಿ ಅರ್ಥ ಇಲ್ಲ. ಆದರೆ ಆಮೇಲಿನ ಅವರ ಕೆಲಸದ ದಿಕ್ಕು ಬದಲಾದದ್ದು ಸ್ಪಷ್ಟ. ಎಲ್ಲವನ್ನೂ ಹೊಸದಾಗಿ, ಒಂದೇ ಅಚ್ಚಿನಲ್ಲಿ ಮೇಲಿನಿಂದ ಇಳಿಸುವ ಉತ್ಸಾಹ ಕಡಿಮೆಯಾಯಿತು. ಜನ ಈಗಾಗಲೇ ಏನು ಕಟ್ಟಿಕೊಂಡಿದ್ದಾರೆ, ಅದರಲ್ಲಿ ಯಾವ ಒಂದು ಕೊರತೆ ತುಂಬಿದರೆ ಸಾಕು ಅಂತ ನೋಡುವ ಕಣ್ಣು ಬಂತು.

ಘಾನಾದ ಉದಾಹರಣೆ ನೋಡಿ. ಆಗಿನ್ನೂ ಅದು ಗೋಲ್ಡ್ ಕೋಸ್ಟ್. 1950ರ ದಶಕದ ನಡುವೆ ವಿಶ್ವಸಂಸ್ಥೆಯ ಪರವಾಗಿ ಚಾರ್ಲ್ಸ್ ಅಬ್ರಾಮ್ಸ್, ವ್ಲಾದಿಮಿರ್ ಬೋಡಿಯಾನ್ಸ್ಕಿ ಜೊತೆ ಹೋದರು. ಅಲ್ಲಿನ ಹಳ್ಳಿ ಜನ ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಿಕೊಳ್ಳುತ್ತಿದ್ದರು. ಅದಕ್ಕೆ ದುಡ್ಡು ಬೇಡ, ಮೈಮುರಿದರೆ ಸಾಕು. ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಮಾಡಿನ ಹತ್ತಿರ. ಮಾಡಿನ ಸಾಮಾನು ಅಂಗಡಿಯಿಂದ ನಗದು ಕೊಟ್ಟೇ ತರಬೇಕು. ಗೋಡೆ ನಿಂತು ಮಾಡಿಲ್ಲದೆ ಮಳೆಗೆ ಕರಗುತ್ತಿದ್ದ ಮನೆಗಳು ಎಷ್ಟೋ. ಈ ಮೂವರು ಹೇಳಿದ್ದು ಇಷ್ಟು: ಮನೆ ಕಟ್ಟಿಕೊಡಬೇಡಿ, ಮಾಡಿಗೆ ಸಾಲ ಕೊಡಿ. ಊರಿನವರೇ ಸೇರಿ ಸಂಘ ಮಾಡಿಕೊಳ್ಳಲಿ, ಕಂತು ತೀರಿಸಲಿ, ವಾಪಸ್ ಬಂದ ದುಡ್ಡು ಮುಂದಿನವರಿಗೆ ಹೋಗಲಿ. ಬಾಗಿಲು ಕಿಟಕಿಗೂ ಅದೇ ಥರ ಸಾಲ. ನಮ್ಮ ಸ್ವಸಹಾಯ ಸಂಘದ ಹೆಂಗಸರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಲಂಡನ್ನಿನ ಕೆಲಸ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಅದರ ಹಿಂದೆ ಒಬ್ಬ ವಿದ್ಯಾರ್ಥಿಯ ತಕರಾರು ಇದೆ. ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನೈಜೀರಿಯಾದ ಅಡೆಡೊಕುನ್ ಅಡೆಯೆಮಿಗೆ ತಾನು ಕಲಿಯುತ್ತಿರುವ ಯಾವುದೂ ತನ್ನ ಊರಿನ ಸೆಖೆಗೆ, ಮಳೆಗೆ ಉಪಯೋಗಕ್ಕೆ ಬರಲ್ಲ ಅನ್ನಿಸಿತು. ಅವನ ಒತ್ತಾಯದಿಂದ 1953ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಸಮ್ಮೇಳನ ನಡೆಯಿತು. ಮರುವರ್ಷ ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಅದಕ್ಕೇ ಒಂದು ವಿಭಾಗ ತೆರೆಯಿತು. ಮೊದಲು ಮ್ಯಾಕ್ಸ್‌ವೆಲ್ ಫ್ರೈ, 1957ರಿಂದ ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರು. ಹೊಸದಾಗಿ ಸ್ವತಂತ್ರವಾದ ದೇಶಗಳಿಂದ ಹುಡುಗರು ಬಂದು ಕಲಿತು ಹೋದರು. 1971ರಲ್ಲಿ ಆ ವಿಭಾಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸೇರಿ ಅಭಿವೃದ್ಧಿ ಯೋಜನಾ ಘಟಕ ಆಯಿತು, ಇವತ್ತಿಗೂ ಇದೆ.

ಈ ಟ್ರಾಪಿಕಲ್ ಅನ್ನುವ ಪದದ ಬಗ್ಗೆ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಶಿವಮೊಗ್ಗ, ಲಾಗೋಸ್, ಸಿಂಗಾಪುರ ಎಲ್ಲವೂ ಲಂಡನ್ನಿನಿಂದ ನೋಡಿದರೆ ಒಂದೇ ಪಟ್ಟಿ. ಸಾಮ್ರಾಜ್ಯ ಹೋದ ಮೇಲೂ ಅದರ ಕಂಪನಿಗಳಿಗೆ, ಕನ್ಸಲ್ಟೆಂಟುಗಳಿಗೆ ಕೆಲಸ ಸಿಗುತ್ತಾ ಹೋಗಲು ಈ ಹೊಸ ಶಾಸ್ತ್ರ ನೆರವಾಯಿತು ಅನ್ನುವ ಟೀಕೆಯಲ್ಲಿ ಹುರುಳಿದೆ. ಕೋಟೆ ಅರಮನೆಯ ಬಡಗಿಗೆ, ತೊಟ್ಟಿಮನೆ ಕಟ್ಟಿದ ಮೇಸ್ತ್ರಿಗೆ ತಿಳಿದಿದ್ದನ್ನೇ ಕೋಷ್ಟಕ ಮಾಡಿ, ಸರ್ಟಿಫಿಕೇಟ್ ಕೊಟ್ಟು ನಮಗೇ ವಾಪಸ್ ಮಾರಿದಂತೆಯೂ ಆಯಿತು. ಆದರೂ ನಾನು ಕೋನಿಗ್ಸ್‌ಬರ್ಗರ್ ಪರ ಒಂದು ಮಾತು ಆಡುತ್ತೇನೆ. ಮೇಸ್ತ್ರಿಯ ವಿದ್ಯೆ ಹೆಂಚು, ಮರ, ಮಣ್ಣಿನದು. ತಾರಸಿ ಬಂದ ಮೇಲೆ ಆ ವಿದ್ಯೆಗೆ ಮುಂದಿನ ಪಾಠ ಇರಲಿಲ್ಲ. ಕಾಂಕ್ರೀಟನ್ನೂ ನಮ್ಮ ಬಿಸಿಲನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕುವ ಯಾರಾದರೊಬ್ಬರು ಬೇಕಿತ್ತು.

ಆ ಲೆಕ್ಕ 1974ರಲ್ಲಿ ಪುಸ್ತಕವಾಯಿತು. ಇಂಗರ್‌ಸಾಲ್, ಮೇಹ್ಯೂ, ಸೊಕೊಲೇ ಜೊತೆ ಸೇರಿ ಬರೆದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ. ಇವತ್ತಿಗೂ ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಅದೇ ಪಠ್ಯ, ಹಾಸ್ಟೆಲ್ ರೂಮುಗಳಲ್ಲಿ ಅದರದ್ದೇ ಜೆರಾಕ್ಸ್. ಅದಕ್ಕೂ ಮೊದಲು ಕಾರ್ಲ್ ಮಹೋನಿ, ಮಾರ್ಟಿನ್ ಇವಾನ್ಸ್ ಜೊತೆ ವಿಶ್ವಸಂಸ್ಥೆಗೆ ಮಾಡಿಕೊಟ್ಟ ಕೋಷ್ಟಕಗಳಿವೆ. ಒಂದು ಊರಿನ ತಿಂಗಳವಾರು ಉಷ್ಣಾಂಶ, ತೇವಾಂಶ, ಮಳೆ, ಗಾಳಿ ತುಂಬಿದರೆ ಸಾಕು. ಕಟ್ಟಡ ಯಾವ ದಿಕ್ಕಿಗೆ ಇರಬೇಕು, ಕಿಟಕಿ ಎಷ್ಟು ದೊಡ್ಡದು, ಗೋಡೆ ದಪ್ಪವೋ ತೆಳುವೋ, ಸೂರು ಹಗುರವೋ ಭಾರವೋ ಅಂತ ಉತ್ತರ ಬರುತ್ತೆ. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಬಡ ದೇಶದ ಪಿಡಬ್ಲ್ಯೂಡಿ ಎಂಜಿನಿಯರ್‌ನ ಮೇಜಿಗೆ ಅಂತಲೇ ಮಾಡಿದ್ದು ಅದು.

ಈ ಪಾಠ ಹೊಸ ಕಟ್ಟಡಕ್ಕೆ ಮಾತ್ರ ಅಂದುಕೊಂಡರೆ ಕೆಟ್ಟೆವು. ಕೋಟೆಯ ಮನೆ ದಿಕ್ಕು ತಿರುಗಿಸಲು ಆಗಲ್ಲ. ನ್ಯೂಟೌನ್ ಕ್ವಾರ್ಟರ್ಸ್ ಕೆಡವಿ ಕಟ್ಟಲು ಯಾರ ಹತ್ತಿರವೂ ದುಡ್ಡಿಲ್ಲ. ಇದ್ದದ್ದನ್ನೇ ಸರಿಮಾಡಬೇಕು, ಮತ್ತು ಸರಿಮಾಡಲು ಆಗುತ್ತೆ.

ಶಿವಮೊಗ್ಗ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ. ಆದ್ದರಿಂದ ಮನೆಯೊಳಗೆ ನುಗ್ಗುವ ಬಿಸಿಯಲ್ಲಿ ದೊಡ್ಡ ಪಾಲು ಗೋಡೆಯದ್ದಲ್ಲ, ಸೂರಿನದ್ದು. ಮಳೆಯಲ್ಲಿ ಪಾಚಿ ಹಿಡಿದು ಕಪ್ಪಾದ ತಾರಸಿ ಆ ಹೊತ್ತಲ್ಲಿ ಸುತ್ತಲಿನ ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಕಾಯುತ್ತೆ. ಅದನ್ನು ಉಜ್ಜಿ ತೊಳೆದು ದಪ್ಪಗೆ ಸುಣ್ಣ ಬಳಿದರೆ, ಬಿದ್ದ ಬಿಸಿಲಿನ ಮುಕ್ಕಾಲು ಪಾಲು ಹತ್ತಿರ ವಾಪಸ್ ಹೋಗುತ್ತೆ. ಮಲೆನಾಡಿನ ಅಂಚಿನ ಮಳೆಗೆ ಸುಣ್ಣ ನಿಲ್ಲಲ್ಲ, ಮತ್ತೆ ಪಾಚಿ ಬರುತ್ತೆ ಅನ್ನೋದು ನಿಜ. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬಳೀಬೇಕು. ಒಡೆದ ಬಿಳಿ ಟೈಲ್ಸ್ ಚೂರು ಹಾಸಿದರೆ ವರ್ಷ ವರ್ಷದ ಕೆಲಸ ತಪ್ಪುತ್ತೆ, ಖರ್ಚು ಜಾಸ್ತಿ.

ನಮ್ಮ ಜನ ಸ್ವಂತ ಬುದ್ಧಿಯಿಂದ ಕಂಡುಕೊಂಡ ಉಪಾಯವೂ ಒಂದಿದೆ. ತಾರಸಿ ಸೋರುತ್ತೆ ಅಂತ ಅದರ ಮೇಲೆ ಕಂಬ ನೆಟ್ಟು ಶೀಟ್ ಹಾಕಿಸೋದು. ಶಿವಮೊಗ್ಗ ಭದ್ರಾವತಿಯಲ್ಲಿ ಮೇಲಿನಿಂದ ನೋಡಿದರೆ ಇದೇ ಕಾಣುತ್ತೆ. ಮಾಡಿದ್ದು ಮಳೆಗೆ, ಆದರೆ ಕೈಪಿಡಿಯ ಭಾಷೆಯಲ್ಲಿ ಇದು ಜೋಡಿ ಸೂರು: ಮೇಲಿನದು ಬಿಸಿಲು ಹೊರುತ್ತೆ, ನಡುವಿನ ಗಾಳಿ ಬಿಸಿಯನ್ನು ಹೊತ್ತೊಯ್ಯುತ್ತೆ, ಕೆಳಗಿನದು ನೆರಳಲ್ಲಿರುತ್ತೆ. ಷರತ್ತು ಒಂದೇ, ಪಕ್ಕಗಳು ತೆರೆದಿರಬೇಕು. ಒಂದು ರೂಮಾಗಲಿ, ಬಾಡಿಗೆ ಬರಲಿ ಅಂತ ನಾಲ್ಕೂ ಕಡೆ ಮುಚ್ಚಿದರೆ ತಾರಸಿಗೆ ನೆರಳು ಉಳಿದರೂ ಬಿಸಿ ಗಾಳಿ ಅಲ್ಲೇ ಕೂಡಿಕೊಳ್ಳುತ್ತೆ. ಆ ರೂಮಿನಲ್ಲಿ ಬಾಡಿಗೆಗಿರುವ ಪಿಯುಸಿ ಹುಡುಗನ ಪಾಡಂತೂ ಕೇಳಬೇಡಿ. ಶೀಟಿನ ಬಣ್ಣವೂ ಮುಖ್ಯ, ಕೆಂಪು ನೀಲಿಗಿಂತ ಬಿಳಿ ಮೇಲು.

ಗೋಡೆಗಳಲ್ಲಿ ಪಶ್ಚಿಮದ್ದೇ ಶತ್ರು. ಸಂಜೆಯ ಬಿಸಿಲು ಅಡ್ಡಡ್ಡ ಬರುವುದರಿಂದ ಸಜ್ಜಾ ಅದನ್ನು ತಡೆಯಲ್ಲ. ಬಳ್ಳಿ, ಮರ, ಬಿದಿರಿನ ತಡಿಕೆ, ಏನಾದರೂ ನಿಂತಿರುವ ನೆರಳು ಬೇಕು. ಸೆಖೆಯ ದಿನಗಳಲ್ಲಿ ಗಾಳಿ ಮೈಗೆ ತಾಗಬೇಕು. ಕಿಟಕಿ ಮಂಚದ ಮಟ್ಟಕ್ಕಿದ್ದರೆ ಮಾತ್ರ ಅದು ಸಾಧ್ಯ. ಹಳೇ ಮನೆಗಳ ಮೇಲಿನ ವೆಂಟಿಲೇಟರ್‌ಗಳನ್ನು ಸೊಳ್ಳೆಗೆ ಹೆದರಿ ಮುಚ್ಚಿದ್ದೇವೆ. ಜಾಲರಿ ಹೊಡೆಸಿ ತೆಗೆದರೆ ಆಯ್ತು. ಹಳೇ ಫ್ಯಾನ್ 75 ವ್ಯಾಟ್ ನುಂಗುತ್ತೆ, ಹೊಸ ಬಿಎಲ್‌ಡಿಸಿ ಫ್ಯಾನ್ ಮೂವತ್ತರ ಹತ್ತಿರದಲ್ಲಿ ಅಷ್ಟೇ ಗಾಳಿ ಕೊಡುತ್ತೆ.

ಈಗ ರಾಜಕೀಯದ ಲೆಕ್ಕ. ಗೃಹಜ್ಯೋತಿಯಲ್ಲಿ ಸರ್ಕಾರ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಕಟ್ಟುತ್ತಿದೆ. ಒಳ್ಳೆಯ ಯೋಜನೆ, ಬಿಟ್ಟಿ ಭಾಗ್ಯ ಅಂತ ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ಎಳೆಯುತ್ತೆ. ರಾತ್ರಿ ಎಂಟು ಗಂಟೆ ಓಡಿಸಿದರೆ ತಿಂಗಳು ತುಂಬುವ ಮೊದಲೇ ಆ 200 ದಾಟುತ್ತೆ. ಎಸಿ ಇಲ್ಲದವರ ಮನೆಯಲ್ಲಿ ಫ್ಯಾನ್ ಹಗಲೂ ರಾತ್ರಿ ಓಡುತ್ತೆ. ಎರಡೂ ಕಡೆ ಸರ್ಕಾರ ಅಥವಾ ಮನೆಯವರು ದುಡ್ಡು ಕಟ್ಟುತ್ತಿರುವುದು ಕಾದ ಸೂರಿಗೆ, ಪ್ರತಿ ತಿಂಗಳೂ, ಮುಗಿಯದ ಹಾಗೆ. ಸೂರನ್ನೇ ಒಂದು ಸಲ ಸರಿಮಾಡಲು ದುಡ್ಡು ಎಲ್ಲಿದೆ? ಕೇಂದ್ರದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂತು, ಅದರ ಗಮನ ಮುಖ್ಯವಾಗಿ ಹೊಸ, ದೊಡ್ಡ ವಸತಿ ಕಟ್ಟಡಗಳ ಮೇಲೆ. ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿ ತಂದಿತು. ಬೇಸಿಗೆಯಲ್ಲಿ ಹೈದರಾಬಾದ್ ಬೆಂದರೆ ಭದ್ರಾವತಿ ಬೇಯಲ್ವಾ?

ಭದ್ರಾವತಿಗೆ ಇದು ಎರಡು ಪಟ್ಟು ತಟ್ಟುವ ವಿಷಯ. ಕಾಗದದ ಕಾರ್ಖಾನೆ ನಿಂತು ಹತ್ತು ವರ್ಷದ ಹತ್ತಿರ ಬಂತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಉಳಿಸಿ ಅನ್ನುವ ಹೋರಾಟದಲ್ಲಿ ಮನೆಗಳ ಮಾತು ಹಿಂದೆ ಬೀಳುವುದು ಸಹಜ. ಆದರೆ ಕಾರ್ಖಾನೆ ಉಳಿದರೂ ಹೋದರೂ ಆ ಸಾಲುಮನೆಗಳಲ್ಲಿ ಜನ ಇರುತ್ತಾರೆ. ಹಳೇ ಕ್ವಾರ್ಟರ್ಸ್‌ಗಳ ಗೋಡೆ ದಪ್ಪ, ಸೂರು ಎತ್ತರ, ನಡುವೆ ದೊಡ್ಡ ಮರಗಳಿವೆ. ಮೂಲ ಒಳ್ಳೆಯದೇ. ಜಾರಿದ ಹೆಂಚು ಬದಲಿಸಿ, ಮುಚ್ಚಿದ ವೆಂಟಿಲೇಟರ್ ತೆಗೆದು, ಮರ ಕಡಿಯದೆ ಬಿಟ್ಟರೆ ಯಾವ ಹೊಸ ಲೇಔಟಿನ ಮನೆಗೂ ಕಡಿಮೆ ಇರಲ್ಲ. ಘಾನಾದಂಥ ಸೂರಿನ ಸಾಲದ ನಿಧಿಯೊಂದನ್ನು ನಗರಸಭೆಯೋ ಸಹಕಾರಿ ಬ್ಯಾಂಕೋ ಇಲ್ಲಿ ಶುರುಮಾಡಬಾರದು ಅನ್ನಲು ಕಾರಣ ಕಾಣಲ್ಲ. ಸುಣ್ಣ, ಹೆಂಚು, ಜಾಲರಿ, ಶೀಟಿನ ಖರ್ಚು, ವರ್ಷ ಎರಡು ವರ್ಷದಲ್ಲಿ ತೀರುವ ಕಂತು. ವಾರ್ಡ್ ಸಭೆಯಲ್ಲಿ ಕೇಳಬಹುದಾದ ಬೇಡಿಕೆ ಇದು.

ಕೋನಿಗ್ಸ್‌ಬರ್ಗರ್ ಲಂಡನ್ ಸೇರಿದ ಮೇಲೆ ಪಾಕಿಸ್ತಾನ, ಫಿಲಿಪ್ಪೀನ್ಸ್, ನೈಜೀರಿಯಾ ಸುತ್ತಿದರು. 1963ರಲ್ಲಿ ಸಿಂಗಾಪುರದ ಬೆಳವಣಿಗೆಯ ಬಗ್ಗೆ ಅಬ್ರಾಮ್ಸ್ ಮತ್ತು ಸುಸುಮು ಕೋಬೆ ಜೊತೆ ವರದಿ ಕೊಟ್ಟರು. ಇಪ್ಪತ್ತು ವರ್ಷಕ್ಕೆ ಅಂತ ಬರೆದಿಡುವ ದಪ್ಪ ಮಾಸ್ಟರ್ ಪ್ಲಾನ್ ಬೇಗ ಬೆಳೆಯುವ ಊರುಗಳಿಗೆ ಹೊಂದಲ್ಲ, ಕೆಲಸ ಮಾಡುತ್ತಲೇ ತಿದ್ದುತ್ತಾ ಹೋಗಬೇಕು ಅನ್ನುವ ವಾದ ಮುಂದಿಟ್ಟರು. ಅದನ್ನು ಆಕ್ಷನ್ ಪ್ಲಾನಿಂಗ್ ಅಂತ ಕರೆದರು. 1999ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ತೊಂಬತ್ತು ವರ್ಷ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ ಕಟ್ಟಡಗಳಲ್ಲಿ ಪಾಠಗಳು ಈಗಲೂ ನಡೆಯುತ್ತಿವೆ. ಅವುಗಳ ಉದ್ದನೆಯ ಸಜ್ಜಾದ ನೆರಳು ಏಪ್ರಿಲ್ ಮಧ್ಯಾಹ್ನ ಎಲ್ಲಿಯವರೆಗೆ ಬೀಳುತ್ತೆ ಅಂತ ಹೋದಾಗ ಒಮ್ಮೆ ನೋಡಿ.